ಬಾಯಿಗೆ ಬಾರದ ಶಿಖರದ ಹೆಸರು

ಪೂರ್ವ ಗ್ರೀನ್‌ಲ್ಯಾಂಡಿನ ಆ ಹಳ್ಳಿಯ ಹಿಂದೆ, ಹಿಮನದಿಯನ್ನು ಸೀಳಿಕೊಂಡು ಎದ್ದ ಕರಿಬಂಡೆಯ ಹೆಸರನ್ನು ಮೂರು ತಿಂಗಳಿಂದ ಯಾರೂ ಹೇಳಿರಲಿಲ್ಲ. ಹೇಳುವಂತಿರಲಿಲ್ಲ. ಅಮಾಲಿಯಾಳ ಗಂಡನದೂ ಅದೇ ಹೆಸರು. ಸೀಲ್ ಬೇಟೆಗೆ ಹೋದವನು ಮಂಜುಗಡ್ಡೆ ಬಿರಿದು ಸತ್ತಿದ್ದ. ಸತ್ತವನ ಹೆಸರನ್ನು ಹೊಸ ಜೀವವೊಂದಕ್ಕೆ ಇಡುವತನಕ ನಾಲಿಗೆಗೆ ತರಬಾರದು; ಕರೆದರೆ ಅವನು ಬಂದೇ ಬರುತ್ತಾನೆ, ಇರಲು ಮೈಯಿಲ್ಲದೆ ಅಲೆಯುತ್ತಾನೆ. ಮಗಳ ಹೆರಿಗೆಗೆ ಇನ್ನೂ ಎರಡು ತಿಂಗಳಿತ್ತು.

ಊರಿನವರನ್ನೇ ಕೇಳಿ ಜಾಗಗಳ ಹೆಸರು ಬರೆದುಕೊಳ್ಳಲು ಬಂದಿದ್ದ ನಕಾಶೆ ಕಚೇರಿಯ ಅಧಿಕಾರಿಯ ಹಡಗು ಮಧ್ಯಾಹ್ನಕ್ಕೇ ಹೊರಡುವುದಿತ್ತು.

"ಹೆಸರು ಹೇಳಿದ್ರೆ ಬರ್ಕೋತೀನಿ. ಇಲ್ಲಾಂದ್ರೆ ಹಳೇ ನಕಾಶೆಲಿರೋ ರೋಸೆನ್‌ಗ್ರೆನ್ ಶಿಖರ ಅನ್ನೋದೇ ಖಾಯಂ," ಎಂದ.

"ಅವನ್ಯಾರಪ್ಪಾ?" ಎಂದಳು ಅಮಾಲಿಯಾ.

"ಸಕ್ಕರೆ ವ್ಯಾಪಾರಿ. ಆಗ ಬಂದ ಹಡಗಿನ ಖರ್ಚು ಕೊಟ್ಟೋನು."

"ತಾನೂ ಬಂದಿದ್ನಾ?"

"ಇಲ್ಲ."

ಅವಳಿಗೆ ಮೈ ಉರಿಯಿತು. ಮಂಜು ಕವಿದಾಗ ಆ ಬಂಡೆಯನ್ನೇ ನಂಬಿ ತಲೆಮಾರುಗಳು ಮನೆ ಸೇರಿದ್ದವು. ಮೂಗಿನ ತುದಿಯನ್ನೂ ಚಳಿಗೆ ಒಡ್ಡದವನು ಕೂತಲ್ಲೇ ಅದರ ಒಡೆಯನಾಗಿದ್ದ!

ಅವಳು ಸರ್ರನೆ ಹೋಗಿ, ಮೊನ್ನೆ ಈದ ನಾಯಿಯ ಮಗ್ಗುಲಿಂದ ಮರಿಯೊಂದನ್ನು ಎತ್ತಿಕೊಂಡಳು. ಗಂಡನ ಅಕ್ಕ ಕಾತಿಂಕಾಗೆ ತಕ್ಷಣ ಅರ್ಥವಾಯಿತು.

"ಏಯ್, ನನ್ ತಮ್ಮನ್ನ ನಾಯೀಲಿ ಕೂರಿಸ್ತೀಯೇನೇ?"

"ಹಿಂದಿನೋರೂ ಸತ್ತೋರ ಹೆಸ್ರನ್ನ ನಾಯಿಮರಿಗೆ ಇಟ್ಟಿದಾರೆ ಅತ್ಗೆ."

"ಮಗು ಸಿಗದೆ ಗತಿಗೆಟ್ಟಾಗ ಇಟ್ರು. ನಿನ್ ಮೊಮ್ಮಗೂಗೆ ನಾಯಿ ಎಂಜಲು ಹೆಸ್ರಾ?"

ಆ ಮಾತು ಅಮಾಲಿಯಾಳಿಗೆ ನಾಟಿತು. ಆ ಹೆಸರಿನ ಮೊದಲ ಕೂಗು ಮಗುವಿಗೇ ಎಂದು ಮೂರು ತಿಂಗಳು ನಾಲಿಗೆ ಕಚ್ಚಿಕೊಂಡಿದ್ದವಳು ಅವಳು.

"ಆ ಮಗು ನಾಳೆ ಬಂಡೆ ತೋರ್ಸಿ ಕೇಳಿದ್ರೆ ಸಕ್ಕರೆಯೋನ ಹೆಸ್ರು ಹೇಳ್ಲಾ?"

ಕಾತಿಂಕಾ ಮರಿಯ ಬೆನ್ನು ಸವರಿದಳು. "ಇದರ ಮೈಗೆ ಚಾವಟಿ ಮುಟ್ಟಿತೋ, ನಿನ್ನ ಸುಮ್ನೆ ಬಿಡಲ್ಲ. ಮೀನು ನಾನೇ ಹಾಕ್ತೀನಿ. ಅವ್ನು ಚಿಕ್ಕೋನಿದ್ದಾಗ್ಲೂ ನನ್ ತಟ್ಟೆಗೇ ಕೈ ಹಾಕ್ತಿದ್ದ."

ಹೆಸರಿಡುವಾಗ ಮಗುವಿಗೆ ಮಾಡುವಂತೆ ಅಮಾಲಿಯಾ ಬೆರಳನ್ನು ನೀರಿಗದ್ದಿ ಮರಿಯ ತುಟಿಗೆ ಸವರಿದಳು. ಮತ್ತೊಮ್ಮೆ ಸವರಿದಳು.

"ಉಮಿಕ್."

ಅಧಿಕಾರಿ ನಕ್ಕ. "ನಾಯಿ ಹೆಸರನ್ನ ಶಿಖರಕ್ಕೆ ಬರೀಲಾ?"

"ಬರಿ. ನಾಯಿಯಾದ್ರೂ ನಾಳೆ ಆ ಬಂಡೆ ಬುಡಕ್ಕೆ ಹೋಗತ್ತೆ. ನಿನ್ ವ್ಯಾಪಾರಿ ಬಂದ್ನಾ?"

ಅವನು ಬರೆದು ಪುಸ್ತಕ ಮುಚ್ಚಹೊರಟ. ಅವಳು ಹಾಳೆಯ ಮೇಲೆ ಕೈಯೂರಿದಳು.

"ಹಳೇದನ್ನ ಹೊಡೆದು ಹಾಕು. ನಾನು ನೋಡ್ಬೇಕು."

ಅವನು ಒಂದು ಗೆರೆ ಎಳೆದ. ಅವಳು ಕೈ ತೆಗೆಯಲಿಲ್ಲ, ಇನ್ನೊಂದು ಎಳೆಸಿದಳು.