ಹಾರುಬೇಲೆಯ ಹೆಂಗಸರ ಕಸುಬು

ಬೆಳಿಗ್ಗೆ ಒಂಬತ್ತೂವರೆಗೆ ಬಸ್ಸಿಳಿದು, ಪುಣೆಯ ವಿಮಾನ ನಗರದ ಚೌಕದಲ್ಲಿ ನಿಂತೇ ಅರ್ಧ ಲೋಟ ಕಟಿಂಗ್ ಚಹಾ ಕುಡಿದು, ಮೂರನೇ ಮಹಡಿಯ ತನ್ನ ಕುರ್ಚಿಯಲ್ಲಿ ಕೂತನೆಂದರೆ ಮುಗಿಯಿತು. ಪ್ರಲ್ಹಾದ ಹುಯಿಲಗೋಳ ಅಲ್ಲಿದ್ದಾನೋ ಇಲ್ಲವೋ ಎಂದು ಸಂಜೆ ಆರರವರೆಗೆ ಯಾರೂ ವಿಚಾರಿಸುತ್ತಿರಲಿಲ್ಲ. ಧಾರವಾಡ ಬಿಟ್ಟು ಇಪ್ಪತ್ತಾರು ವರ್ಷ, ಈ ಕಚೇರಿಗೆ ಸೇರಿ ಹದಿನೆಂಟು. ಯಾವ ಜಿಲ್ಲೆಯಲ್ಲಿ ಎಷ್ಟು ಮನೆ, ಎಷ್ಟು ಬಾವಿ, ಯಾರ ಕಸುಬು ಏನು ಎಂದು ಸಮೀಕ್ಷೆ ಮಾಡಿ ಸರಕಾರಕ್ಕೆ ವರದಿ ಒಪ್ಪಿಸುವ ಕಂಪನಿ ಅದು. ಊರೂರು ಅಲೆದು ಫಾರ್ಮು ತುಂಬುವ ಹುಡುಗರು ಬೇರೆ. ಅವರು ತಂದದ್ದನ್ನು ಕಂಪ್ಯೂಟರಿಗೆ ಹಾಕಿ, ತಪ್ಪಿದ್ದನ್ನು ತಿದ್ದಿ, ಬಿಟ್ಟಿದ್ದನ್ನು ತುಂಬುವವನು ಪ್ರಲ್ಹಾದ.

ಬಿಟ್ಟಿದ್ದನ್ನು ತುಂಬುವುದೇನು ಮಹಾ ವಿದ್ಯೆಯೇ? ಖಾನೆ ಖಾಲಿಯಿದ್ದರೆ ಕಂಪ್ಯೂಟರು ಮುಂದೆ ಹೋಗಲು ಬಿಡುವುದಿಲ್ಲ. ಗಂಡಸಿನ ಕಸುಬು ಬರೆದಿಲ್ಲವೇ, 'ಕೂಲಿ' ಎಂದು ಹಾಕು. ಹೆಂಗಸಿನದು ಬರೆದಿಲ್ಲವೇ, ಹನ್ನೊಂದು ಒತ್ತು. ಹನ್ನೊಂದು ಎಂದರೆ 'ಮನೆಗೆಲಸ, ದುಡಿಮೆ ಇಲ್ಲ'. ಸೇರಿದ ಮೊದಲ ವಾರದಲ್ಲೇ ಹಿರಿಯ ಗುಮಾಸ್ತರೊಬ್ಬರು ಹೇಳಿಕೊಟ್ಟ ಪಾಠವಿದು. ಮೊದಮೊದಲು ಪ್ರಲ್ಹಾದನ ಕೈ ತಡೆಯುತ್ತಿತ್ತು. ಆಮೇಲೆ ಜಡ್ಡುಗಟ್ಟಿತು. ಬರೀ ಕೈ ಅಲ್ಲ, ಮನುಷ್ಯನೇ ಜಡ್ಡುಗಟ್ಟಿಹೋದ. ಖುಷಿ ಇಲ್ಲ, ಬೇಸರ ಇಲ್ಲ. ಹೋಳಿಗೆ ಬಡಿಸಿದರೂ ಉಂಡೆದ್ದ, ತಂಗಳು ಬಡಿಸಿದರೂ ಉಂಡೆದ್ದ.

ಆ ಸೋಮವಾರ ಮ್ಯಾನೇಜರ್ ಅಭಿಲಾಷ ಒಂದು ಪಟ್ಟಿ ತಂದುಕೊಟ್ಟ. ಬೆಂಗಳೂರಿನ ಹುಡುಗ, ಕೆಟ್ಟವನಲ್ಲ, ಸದಾ ಅವಸರ.

"ಪ್ರಲ್ಹಾದ್ ಸಾರ್, ಆ ಕೋಸ್ಟಲ್ ತಾಲೂಕಿನ ಸೆಕೆಂಡ್ ಸರ್ವೇ ಬಂದಿದೆ. ಸ್ವಲ್ಪ ಜನಕ್ಕೆ ಫೋನ್ ಮಾಡಿ ವೆರಿಫೈ ಮಾಡ್ಬೇಕು. ಕನ್ನಡದೋರು ಅಂದ್ರೆ ನಾನು, ನೀವು ಇಬ್ರೇ. ಶುಕ್ರವಾರ ಸಬ್ಮಿಟ್ ಮಾಡ್ಲೇಬೇಕು, ಪ್ಲೀಸ್."

ಪಟ್ಟಿಯ ಮೊದಲ ಊರು ಹಾರುಬೇಲೆ. ಮೊದಲ ಹೆಸರು ಸಕ್ಕುಬಾಯಿ ಹರಿಕಂತ್ರ, ವಯಸ್ಸು ಐವತ್ತೆರಡು.

"ಹಲೋ, ಸಕ್ಕುಬಾಯಿಯವರೇನ್ರಿ? ನಾ ಪುಣೆದಿಂದ ಮಾತಾಡ್ಲಿಕತ್ತೀನ್ರಿ. ನಿಮ್ಮ ಊರಾಗ ಸರ್ವೇ ಆತಲ್ಲ, ಅದರ ಸಂಬಂಧ ಎರಡು ಮಾತು ಕೇಳೂದದ."

"ಕೇಳಿ ಮಾರಾಯ್ರೆ. ನಂಗೆಂತ ಅವಸ್ರ ಇಲ್ಲ."

"ನಿಮ್ಮ ಕಸುಬು ಏನ್ರಿ?"

"ಎಂತದೂ ಇಲ್ಲ. ಮನೇಲೇ ಕೂತ್ಕಂಡಿರೂದು."

ಪ್ರಲ್ಹಾದನ ಬೆರಳು ತಾನೇ ಹೋಗಿ ಹನ್ನೊಂದನ್ನು ಒತ್ತಿತು.

"ಬರ್ಕಂಡ್ರಾ?" ಸಕ್ಕುಬಾಯಿ ಕೇಳಿದಳು. "ಐದು ವರ್ಷದ ಹಿಂದೂ ಹಂಗೇ ಬರ್ದಿದ್ರಂತೆ. ಆಗ ಅದು ಸುಳ್ಳಾಗಿತ್ತು. ಈಗ ಖರೆ ಆಯ್ತು ನೋಡಿ."

"ಅಂದ್ರ? ತಿಳೀಲಿಲ್ರಿ."

ಅವಳು ಸಿಟ್ಟಿಲ್ಲದೆ, ನೆರೆಮನೆಯ ಸುದ್ದಿ ಹೇಳುವವಳಂತೆ ಹೇಳಿದಳು. ಹಾರುಬೇಲೆಯಲ್ಲಿ ಗಂಡಸರು ದೋಣಿಗೆ ಹೋದರೆ, ದಡಕ್ಕೆ ಬಂದ ಮೀನು ಹೆಂಗಸರದ್ದು. ಆರಿಸುವುದು, ಉಪ್ಪು ಹಾಕುವುದು, ದಡದ ಬಯಲಿನಲ್ಲಿ ಹರಡಿ ಒಣಗಿಸುವುದು, ಬುಟ್ಟಿ ಹೊತ್ತು ಘಟ್ಟದ ಮೇಲಿನ ಸಂತೆಗೆ ಹೋಗುವುದು. ಐದು ವರ್ಷದ ಹಿಂದೆ ಸರ್ವೇ ಹುಡುಗರು ಬಂದದ್ದು ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿಗೆ ಹೆಂಗಸರೆಲ್ಲ ಬಯಲಲ್ಲಿ. ರಾತ್ರಿಯಿಡೀ ದೋಣಿಯಲ್ಲಿದ್ದ ಗಂಡಸರು ನಿದ್ದೆಗಣ್ಣಲ್ಲಿ ಎದ್ದು ತಮ್ಮ ಹೆಸರು ಹೇಳಿ ಮತ್ತೆ ಮಲಗಿದರು. ಹೆಂಗಸರ ಖಾನೆ ಖಾಲಿ ಉಳಿಯಿತು. ಆಮೇಲೆ ಯಾವುದೋ ಊರಲ್ಲಿ ಯಾರೋ ಅದನ್ನು ತುಂಬಿದರು. ವರದಿ ಬಂತು, ಹಾರುಬೇಲೆಯಲ್ಲಿ ಮೀನು ಒಣಗಿಸುವವರೇ ಇಲ್ಲ, ಬಯಲು ಉಪಯೋಗದಲ್ಲಿಲ್ಲ. ಬಂದರಿಗೆ ಹೋಗುವ ರಸ್ತೆ ಬಯಲಿನ ಮೇಲೆಯೇ ಹಾದುಹೋಯಿತು.

"ಈಗ ಸರ್ಕಾರ್ದವ್ರು ಆಚೆ ಬದಿ ಹೊಸ ಅಂಗಳ ಕಟ್ತಾರೆ, ಮೀನು ಒಣಗ್ಸೂಕೆ. ಹಳೇ ವರದೀಲಿ ಕಸುಬು ಬರ್ದವ್ರಿಗೆ ಮಾತ್ರ ಜಾಗ ಅಂತೆ. ನಮ್ಮೂರಲ್ಲಿ ಒಬ್ಳ ಹೆಸ್ರೂ ಇಲ್ಲ. ಬರ್ದವನ ಕೈಗೆ ಎಂತ ಬಂದಿತ್ತೋ ಏನೋ!"

ಫೋನಿಟ್ಟ ಮೇಲೆ ಪ್ರಲ್ಹಾದ ಹಳೆಯ ಕಡತ ತೆಗೆದ. ಹಾರುಬೇಲೆಯ ಇನ್ನೂರ ಹದಿನಾಲ್ಕು ಹೆಂಗಸರು, ಇನ್ನೂರ ಹದಿನಾಲ್ಕು ಸಲ ಹನ್ನೊಂದು. ಪ್ರತಿ ಸಾಲಿನ ಕೊನೆಗೆ ತುಂಬಿದವನ ಹೆಸರಿತ್ತು, ಅವನದೇ. ಎಲ್ಲವನ್ನೂ ಒಂದೇ ಮಧ್ಯಾಹ್ನ, ನಲವತ್ತು ನಿಮಿಷದಲ್ಲಿ ಮುಗಿಸಿದ್ದ. ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ. ಅಯ್ಯೋ ಎನ್ನಬೇಕಿತ್ತು, ಬಾಯಿಗೆ ಬರಲಿಲ್ಲ. ಇಷ್ಟಾದರೂ ತನಗೆ ಏನೂ ಅನಿಸುತ್ತಿಲ್ಲವಲ್ಲ ಎಂಬುದೇ ಅವನಿಗೆ ಹೆದರಿಕೆ ಹುಟ್ಟಿಸಿತು.

ಮರುದಿನ ಬೆಳಿಗ್ಗೆ ಹೆಂಡತಿ ಗಂಗೂಬಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸುತ್ತಲಿನ ಮೂರು ಮೆಸ್ಸುಗಳಿಗೆ ದಿನಾ ಅರವತ್ತು ಜೋಳದ ರೊಟ್ಟಿ ಅವಳ ಕೈಯಿಂದಲೇ ಹೋಗಬೇಕು.

"ಗಂಗೂ, ಯಾರರೆ ಬಂದು ನಿನ್ನ ಕೆಲಸ ಏನು ಅಂತ ಕೇಳಿದ್ರ ಏನಂತ ಹೇಳ್ತಿ?"

"ಇದೇನ್ರಿ ಮುಂಜಾನೆದ್ದು ಹುಚ್ಚು ಪ್ರಶ್ನೆ! ನನ್ನ ಯಾರು ಕೇಳ್ತಾರ? ಬಾಗಿಲಿಗೆ ಬಂದವ್ರು 'ಸಾಹೇಬ್ರು ಅದಾರೇನ್ರಿ' ಅಂತಾರ. ನೀವೇ ಹೊಸ್ತಿಲದಾಗ ನಿಂತು ಹೇಳಿ ಕಳಸ್ತೀರಿ."

"ಏನ ಹೇಳ್ತೀನಿ?"

"'ಆಕಿ ಮನ್ಯಾಗ ಇರತಾಳ' ಅಂತೀರಿ." ಗಂಗೂಬಾಯಿ ಇನ್ನೊಂದು ಉಂಡೆ ತೆಗೆದುಕೊಂಡಳು. "ಇರತೀನಿ ಖರೆ. ಬರೇ ಇರೂದಿಲ್ಲ."

ಅವಳು ಜಗಳಕ್ಕೆ ಹೇಳಿದ್ದಲ್ಲ. ಹೇಳಿದವಳೇ ಮರೆತು ಹಂಚಿನ ಕಡೆ ತಿರುಗಿದಳು. ಪ್ರಲ್ಹಾದ ಅವಳ ಬೆರಳುಗಳನ್ನು ನೋಡಿದ. ಇಷ್ಟು ವರ್ಷ ಆ ರೊಟ್ಟಿ ತಿಂದಿದ್ದ, ಆ ಬೆರಳು ನೋಡಿರಲಿಲ್ಲ. ನಾಚಿಕೆಯಾಯಿತು. ನಿನ್ನೆಯ ಹೆದರಿಕೆ ಬಿಟ್ಟರೆ, ಬಹಳ ವರ್ಷಗಳ ಮೇಲೆ ಅವನಿಗೆ ಏನೋ ಒಂದು ಅನಿಸಿದ್ದು ಅದೇ ಮೊದಲು.

ಕಚೇರಿಗೆ ಹೋದವನೇ ಜಿಲ್ಲಾ ಆಫೀಸಿಗೆಂದು ಒಂದು ಹಾಳೆಯ ಮೇಲೆ ಕೈಯಾರೆ ಬರೆದ. 'ಹಾರುಬೇಲೆಯ ಹೆಂಗಸರ ಕಸುಬಿನ ಖಾನೆ ಖಾಲಿ ಬಂದಿತ್ತು. ಯಾರನ್ನೂ ಕೇಳದೆ ದುಡಿಮೆ ಇಲ್ಲವೆಂದು ತುಂಬಿದವನು ನಾನು.' ಕೆಳಗೆ ಸಹಿ ಮಾಡಿ ಅಭಿಲಾಷನ ಮುಂದಿಟ್ಟ.

ಅಭಿಲಾಷ ಓದಿ ಎದ್ದುಹೋಗಿ ಬಾಗಿಲು ಹಾಕಿಕೊಂಡು ಬಂದ. "ಸಾರ್, ಏನ್ ಸಾರ್ ಇದು? ಇದು ಜಿಲ್ಲಾ ಆಫೀಸಿಗೆ ಹೋದ್ರೆ ಕಂಪನಿ ಬ್ಲ್ಯಾಕ್‌ಲಿಸ್ಟ್ ಆಗುತ್ತೆ. ಇಪ್ಪತ್ತೆರಡು ಜನ ಬೀದಿಗೆ ಬರ್ತೀವಿ. ಅವರ ಮನೇಲೂ ಹೆಂಗಸರಿದಾರೆ."

"ಖರೆ ಅದರಿ ನೀವು ಹೇಳೂದು."

"ಖಾಲಿ ಖಾನೆ ತುಂಬೋದು ಇಲ್ಲಿ ಮೊದ್ಲಿಂದ ನಡ್ಕೊಂಡು ಬಂದಿರೋದು. ನೀವೊಬ್ರೇ ಯಾಕೆ ತಲೆ ಮೇಲೆ ಹೊತ್ಕೋತೀರ? ರಿಟೈರ್‌ಮೆಂಟ್‌ಗೆ ಎರಡೇ ವರ್ಷ. ಸುಮ್ನಿದ್ಬಿಡಿ ಸಾರ್."

"ಹದಿನೆಂಟು ವರ್ಷ ಸುಮ್ನೇ ಇದ್ದೆನ್ರಿ." ಪ್ರಲ್ಹಾದ ಹಾಳೆಯ ಮೇಲೆ ಬೆರಳಿಟ್ಟ. "ಕಂಪನಿ ಹೆಸರು ಇದರಾಗ ಇಲ್ಲ, ನೋಡ್ರಿ. ನನ್ನ ಹೆಸರು ಅಷ್ಟ ಅದ. ನನ್ನ ಕೆಲಸದಿಂದ ತಗದ ಹಾಕಿದ್ರ ತಗದ ಹಾಕ್ರಿ."

"ನಾನು ಫಾರ್ವರ್ಡ್ ಮಾಡಲ್ಲ."

"ಬ್ಯಾಡ್ರಿ. ರಜಿಸ್ಟರ್ಡ್ ಪೋಸ್ಟ್ ಮಾಡ್ತೀನಿ."

ಅಭಿಲಾಷ ಹಾಳೆಯನ್ನು ಇನ್ನೊಮ್ಮೆ ಓದಿದ. ಬೈಯಲಿಲ್ಲ, ಹರಿಯಲೂ ಇಲ್ಲ. "ಒಬ್ರು ಬರೆದ ಕಾಗದ ಯಾರು ನಂಬ್ತಾರೆ ಸಾರ್?" ಎಂದು ಮೆಲ್ಲಗೆ ಹೇಳಿ ಹಿಂದಕ್ಕೆ ಕೊಟ್ಟ.

ಆ ಮಾತು ಪ್ರಲ್ಹಾದನಿಗೆ ಸರಿಯೆನಿಸಿತು. ಊಟದ ಬಿಡುವಿನಲ್ಲಿ ನೋಟ್‌ಬುಕ್ಕು ಹಿಡಿದು ಮೆಟ್ಟಿಲ ಮೇಲೆ ಕೂತು ಮತ್ತೆ ಹಾರುಬೇಲೆಗೆ ಫೋನು ಹಚ್ಚಿದ.

"ಅಕ್ಕಾರ, ನಾನ್ರಿ, ಪುಣೆದಾಂವ. ನಿಮಗ ಒಂದು ಹೇಳೂದದ. ಹೋದ ಸಲ ಹಂಗ ಬರದಾಂವ ನಾನೇ."

ಆ ಕಡೆ ಅವಳ ಹಿಂದೆ ಕೂತಿದ್ದ ಹೆಂಗಸರಲ್ಲಿ ಯಾರೋ, ಯಾರದು ಎಂದು ಕೇಳಿದರು. "ಅವ್ನೇ ಅಂತೆ," ಸಕ್ಕುಬಾಯಿ ಅಂದಳು. "ನಮ್ಗೆ ಕೆಲ್ಸ ಇಲ್ಲ ಅಂತ ಬರ್ದವ್ನು."

ಒಂದು ದನಿ ಏರಿತು, ಅದರ ಹಿಂದೆ ಇನ್ನೊಂದು. ಕೊಂಕಣಿ, ಕನ್ನಡ ಎರಡೂ ಬೆರೆಸಿ ಬೈದರು. ಅವನ ಕೈ ಸೇದಿಹೋಗಲಿ ಎಂದರು, ಅವನ ಮನೆಯ ಒಲೆ ಆರಲಿ ಎಂದರು. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಪ್ರಲ್ಹಾದ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಯಾರೋ ಅಳುವುದೂ ಕೇಳಿಸಿತು. ಬೈಗುಳ ತಡೆದುಕೊಂಡಿದ್ದವನಿಗೆ ಆ ಅಳು ತಡೆಯಲಾಗಲಿಲ್ಲ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

ಕೊನೆಗೆ ಸಕ್ಕುಬಾಯಿಯ ದನಿ ಬಂತು. "ಬೈದು ಆಯ್ತು. ಇನ್ನೆಂತ ಮಾಡ್ತೆ ಅಂತ ಹೇಳು."

"ಒಬ್ಬೊಬ್ಬರದೂ ಹೆಸರು, ಕಸುಬು, ಎಷ್ಟು ವರ್ಷದ್ದು, ಬರಕೋತೀನ್ರಿ. ನೀವು ಹೇಳಿದ್ದೇ ಬರೀತೀನಿ. ನನ್ನ ಕಾಗದದ ಜೋಡಿ ಜಿಲ್ಲಾ ಆಫೀಸಿಗೆ ಕಳಸ್ತೀನಿ. ನಿಮಗೂ ಒಂದು ನಕಲು ಕಳಸ್ತೀನಿ."

"ಅದ್ರಿಂದ ಜಾಗ ಸಿಕ್ತದೆ?"

"ಗೊತ್ತಿಲ್ರಿ," ಅಂದ. ಸುಳ್ಳು ಹೇಳುವುದು ಬೇಡವೆನಿಸಿತು.

ಆ ಕಡೆ ಏನೋ ಗುಸುಗುಸು ನಡೆಯಿತು. ಆಮೇಲೆ ಸಕ್ಕುಬಾಯಿ ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ಹಾಜರಿ ಹೇಳುವವಳಂತೆ ಹೇಳಿದಳು. "ಸಕ್ಕುಬಾಯಿ ಹರಿಕಂತ್ರ. ಮೀನು ಒಣಗ್ಸೂದು. ಮೂವತ್ತೊಂದು ವರ್ಷ."

ಪ್ರಲ್ಹಾದ ಒಂದೊಂದು ಅಕ್ಷರವನ್ನೂ ಬಿಡಿಸಿ ಬರೆದ. ಫೋನು ಅವಳ ಕೈಯಿಂದ ಇನ್ನೊಂದು ಕೈಗೆ ಹೋದದ್ದು ಕೇಳಿಸಿತು. ಆ ಹೊಸ ದನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

"ನಂದೂ ಬರೀತ್ರ್ಯಾ?"

"ಹೇಳ್ರಿ ಅವ್ವಾ," ಅಂದ ಪ್ರಲ್ಹಾದ. "ಬರೀಲಿಕ್ಕೇ ಕೂತೀನಿ."