ಮೆಟ್ಟಿಲು ಹತ್ತಲಾರದೆ ತಡೆದ ಚೆಕ್ಕು

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ, ಕ್ಷಮಿಸಬೇಕು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಬರೆಯುವುದು ವಾಸಿ ಅನ್ನಿಸಿತು.

ನಾನು ಹೊಲಿಗೆಯವನು. ಬಾಡಿಗೆಗೆ ಹಿಡಿದ ಕೆಳಮನೆಯ ಮುಂದಿನ ಕೋಣೆಯಲ್ಲೇ ನನ್ನ ಮಷೀನು. ಮನೆ ಹೋದರೆ ಅಂಗಡಿಯೂ ಹೋದಂತೆ. ಮಹಡಿಯ ಮೇಲೆ ಮಾಲೀಕರು, ನಿವೃತ್ತ ಕಾಂಪೌಂಡರು. ವರ್ಷದ ಬಾಡಿಗೆಯ ಹನ್ನೆರಡು ಚೆಕ್ಕನ್ನೂ ಮುಂದಿನ ತಾರೀಖು ಹಾಕಿ ಅವರಿಗೆ ಮೊದಲೇ ಕೊಟ್ಟಿದ್ದೆ. ಹಿಂದಿನ ಗೋಡೆಗೆ ತೇವ ಏರಿ, ಗಿರಾಕಿಯೊಬ್ಬರ ಕೋಟಿನ ಬಟ್ಟೆಗೆ ಬೂಷ್ಟು ಹಿಡಿಯಿತು. ಹೋಗಿ ಹೇಳಬೇಕಿತ್ತು. ಎರಡು ಸಲ ಅರ್ಧ ಮೆಟ್ಟಿಲು ಹತ್ತಿ ಇಳಿದುಬಂದೆ. ಎದುರು ನಿಂತು ದೂರುವುದೆಂದರೆ ನನ್ನ ನಾಲಿಗೆಯೇ ಹೊರಳುವುದಿಲ್ಲ.

ಕೊಟ್ಟ ಚೆಕ್ಕಿಗೆ ಹಣ ಕೊಡಬೇಡಿ ಎಂದು ಬ್ಯಾಂಕಿಗೆ ಬರೆದುಕೊಡಬಹುದೆಂದು ನಾನು ಓದುವ ಸಂಜೆ ಕಾಲೇಜಿನ ಕಾನೂನು ಪಾಠದಲ್ಲಿ ಕೇಳಿದ್ದೆ. ಮೇಷ್ಟ್ರು ಮುಂದಿನದನ್ನು ಹೇಳುವ ಮೊದಲೇ ಗಂಟೆ ಹೊಡೆಯಿತು. ಮರುದಿನವೇ ಆ ತಿಂಗಳ ಚೆಕ್ಕಿಗೆ ಹಾಗೆ ಬರೆದುಕೊಟ್ಟೆ.

ಹದಿನೈದು ದಿನದೊಳಗೆ ಹಣ ಕೊಡದಿದ್ದರೆ ಕ್ರಿಮಿನಲ್ ಮೊಕದ್ದಮೆ ಎಂದು ಮಾಲೀಕರ ವಕೀಲರಿಂದ ನೋಟಿಸು ಬಂತು. ಓಡಿಹೋಗಿ ಮೇಷ್ಟ್ರಿಗೆ ತೋರಿಸಿದೆ.

“ಖಾತೇಲಿ ದುಡ್ಡಿತ್ತು ಸಾರ್.”

“ಇದ್ರೇನಯ್ಯ? ತಡೆಯೋಕೆ ಸರಿಯಾದ ಕಾರಣ ಬೇಕು. ಗೋಡೆ ವಿಷ್ಯ ಅವರಿಗೆ ತಿಳಿಸಿದ್ದಕ್ಕೆ ಒಂದು ಚೀಟಿಯಾದ್ರೂ ಇದ್ಯಾ?”

“ಇಲ್ಲ.”

“ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ್ಯಲ್ಲ! ಮೊದ್ಲು ಹೋಗಿ ಬಾಡಿಗೆ ಕಟ್ಟು.”

ಅಂದು ಮೆಟ್ಟಿಲು ಪೂರ್ತಿ ಹತ್ತಿದೆ. “ಯಾರ್ರೀ ಅದು?” ಎಂದು ಒಳಗಿನಿಂದ ಅವರ ಹೆಂಡತಿ ಕೇಳಿದರು. “ಕೆಳಗಿನವನು,” ಎಂದರು ಮಾಲೀಕರು. ಹಿಂದೆಲ್ಲ ‘ನಮ್ಮ ಟೈಲರ್ರು’ ಅನ್ನುತ್ತಿದ್ದರು.

ಹಣ ತೆಗೆದುಕೊಂಡು ರಸೀದಿ ಬರೆದರು. ಅದನ್ನು ನನ್ನತ್ತ ಚಾಚಿ ಹೇಳಿದರು:

“ಬ್ಯಾಂಕಲ್ಲಿ ಎಲ್ಲರ ಮುಂದೆ ‘ನಿಮ್ಮ ಬಾಡಿಗೆಯವರೇ ಕೊಡಬೇಡಿ ಅಂದಿದಾರೆ’ ಅಂದ್ರಪ್ಪ. ನನ್ನ ಕೈಯಲ್ಲಿ ಔಷಧಿ ಇಸ್ಕೊಂಡ ಜನವೇ ಹಿಂದೆ ಸಾಲಲ್ಲಿ ನಿಂತಿದ್ರು. ಗೋಡೆ ಒದ್ದೆ ಅಂತ ಹೇಳೋಕೆ ನಿನಗೆ ಬಾಯಿರಲಿಲ್ವಾ?”

“ತಪ್ಪಾಯ್ತು ಸಾರ್. ಮನೆ ಮಾತ್ರ ಬಿಡಿಸ್ಬೇಡಿ.”

“ಕೇಸು ಹಾಕಲ್ಲ, ಹೋಗು. ಮನೆ ವಿಷ್ಯ... ಕರಾರು ಮುಗೀಲಿ, ನೋಡೋಣ.”

ಮರುದಿನ ಬೆಳಿಗ್ಗೆ ಗಾರೆಯವನು ಬಂದು ಹಿಂದಿನ ಗೋಡೆ ಕೆತ್ತತೊಡಗಿದ. ಕರಾರು ಮುಗಿಯಲು ಇನ್ನೆರಡು ತಿಂಗಳಿದೆ. ಗೋಡೆ ರಿಪೇರಿಯಾಗುತ್ತಿರುವುದು ನನಗೋ, ನನ್ನ ನಂತರ ಬರುವವರಿಗೋ, ತಿಳಿಯದು. ಕೇಳುವ ಧೈರ್ಯವೂ ಬಂದಿಲ್ಲ.