ಮೂರನೇ ಮಹಡಿಯ ಕೋಣೆ

ಕ್ಷೌರದಂಗಡಿಗೆ ಮೂರೇ ಮೆಟ್ಟಿಲು. ಅಷ್ಟು ಹತ್ತುವಷ್ಟರಲ್ಲಿ ಮಗಳ ತುಟಿ ಶಾಯಿ ಕುಡಿದಂತೆ ನೀಲಿಗಟ್ಟುತ್ತಿತ್ತು. ಹೃದಯದಲ್ಲಿ ತೂತು. ಮುಚ್ಚಲು ಡಾಕ್ಟರು ಹೇಳಿದ ಖರ್ಚು ಕೇಳಿ ಅಂಗಡಿಯ ಗೋಡೆ ಗಡಿಯಾರವೇ ಎರಡು ದಿನ ಮೂರ್ಛೆ ಹೋಗಿತ್ತು.

ಅಪ್ಪನಿಗೆ ಊರಿಟ್ಟ ಹೆಸರು ಮಹಡಿಯಪ್ಪ. ನೊಣದ ಮೀಸೆಯನ್ನು ನೊಣಕ್ಕೇ ತಿಳಿಯದಂತೆ ಬೋಳಿಸಬಲ್ಲ ಕೈ ಅವನದು. ಬಾಯಿ ಕೈಗಿಂತ ಹರಿತ. ತನಗೆ ಮೂರಂತಸ್ತಿನ ಮನೆಯಿದೆ, ತಮ್ಮ ಹಡಗಿನ ಕ್ಯಾಪ್ಟನ್, ಅಂಗಡಿ ಬರೀ ಹೊತ್ತು ಕಳೆಯಲು ಎಂದು ಬಂದ ಗಿರಾಕಿಗೆಲ್ಲ ಊದುತ್ತಿದ್ದ. ನಿಜದಲ್ಲಿ ಪೇಟೆಯಾಚೆ ಒಂದೇ ಕೋಣೆ. ಅಲ್ಲಿ ಒಬ್ಬರು ಮಗ್ಗುಲು ಬದಲಿಸಿದರೆ ಮೂವರೂ ಬದಲಿಸಬೇಕು.

"ಯಾಕ್ರೀ ಈ ಸುಳ್ಳು?" ಎನ್ನುತ್ತಿದ್ದಳು ಹೆಂಡತಿ.

"ಹೋಗೇ ಹುಚ್ಚಿ. ಬಡವನ ಕೈಲಿರೋ ಕತ್ತಿಗೆ ಯಾರು ಕತ್ತು ಕೊಡ್ತಾರೆ?"

ಚಿಕಿತ್ಸೆಗೆಂದು ಜನರಿಂದ ಹಣ ಎತ್ತಿಕೊಡುವ ಕಂಪನಿಯೊಂದಿತ್ತು. ಅಲ್ಲಿಂದ ಹುಡುಗಿಯೊಬ್ಬಳು ವಿಡಿಯೊ ಮಾಡಲು ಅವರ ಕೋಣೆಗೇ ಬಂದಳು.

"ಅಂಕಲ್, ಶರ್ಟ್ ಬಿಚ್ಚಿ ಬನಿಯನ್‌ನಲ್ಲಿ ಕೂತ್ಕೊಳ್ಳಿ. ತೂತಿರೋ ಬನಿಯನ್ ಇಲ್ವಾ?"

"ತೂತು ಮಗಳ ಎದೇಲಿದೆಯಮ್ಮ. ಬನಿಯನ್‌ನಲ್ಲೂ ಬೇಕಾ?"

ಬೇಕಿತ್ತು. ಅಳುವೂ ಬೇಕಿತ್ತು. ಅತ್ತ. ಹೊರಡುವಾಗ ಅವಳನ್ನು ಬಾಗಿಲಲ್ಲಿ ತಡೆದು ಕೇಳಿದ: "ನಮ್ಮ ಗಿರಾಕಿಗಳಿಗೆ ಇದು ಕಾಣ್ಸಲ್ಲ ತಾನೆ?"

"ಇಲ್ಲ ಅಂಕಲ್, ಎಲ್ಲ ದೂರದೋರಿಗೆ."

ಬೆಳಗಾಗುವಷ್ಟರಲ್ಲಿ ಲೈಟ್ ಕಂಬದ ಕುರುಡು ಕಾಗೆಯೂ ಆ ವಿಡಿಯೊ ನೋಡಿಯಾಗಿತ್ತು.

ಗಿರಾಕಿಗಳು ಏನೂ ಅನ್ನಲಿಲ್ಲ. ಅದೇ ಅವನನ್ನು ಸುಟ್ಟಿತು. ಯಾರೂ ಹಡಗಿನ ತಮ್ಮನ ಕ್ಷೇಮ ವಿಚಾರಿಸಲಿಲ್ಲ. ನೋಟು ಮಡಚಿ, ಕಣ್ಣು ತಪ್ಪಿಸಿ, ಪೌಡರ್ ಡಬ್ಬಿಯ ಕೆಳಗಿಟ್ಟು ಹೋದರು. ಅವನು ಕನ್ನಡಿ ನೋಡದೆ ಕ್ಷೌರ ಮಾಡುವುದನ್ನು ಕಲಿತ. ಆದರೂ ಹಣ ಸೇರುತ್ತಿತ್ತಲ್ಲ, ನುಂಗಿಕೊಂಡ. ಒಂದು ದಿನ ಕಂಪನಿ ಅದನ್ನೂ ತಡೆಹಿಡಿಯಿತು. ಯಾರೋ ದೂರು ಕೊಟ್ಟಿದ್ದರು.

ಕಂಪನಿಯ ತಪಾಸಣೆಯವನು ಬಂದಾಗ ಅಂಗಡಿ ತುಂಬಿತ್ತು. ಬೆಂಚಿನ ಮೇಲೆ ಹಮಾಲಿ, ಪೇಂಟರ್, ಮೂಲೆಯಲ್ಲಿ ಮಗಳು. ಕುರ್ಚಿಯಲ್ಲಿ ಕಟ್ಟಡದ ಮಾಲೀಕರು, ಎಲ್ಲರ ಬಾಯಲ್ಲಿ ಸಾಹುಕಾರರು. ಅವರ ಒಂದು ಕೆನ್ನೆ ನುಣುಪಾಗಿತ್ತು, ಇನ್ನೊಂದರ ತುಂಬ ನೊರೆ.

"ನಿಮ್ಮದು ಮೂರಂತಸ್ತಿನ ಮನೆಯಂತೆ?" ಎಂದ ತಪಾಸಣೆಯವನು.

"ಯಾರು ಸರ್ ಹೇಳಿದ್ದು?"

"ನೀವೇ. ಈ ಕಟ್ಟಡದ ಓನರ್ ದೂರಲ್ಲಿ ಬರೆದಿದ್ದಾರೆ, ನಿಮ್ಮ ಬಾಯಿಂದಲೇ ಕೇಳಿದ್ದಂತೆ."

ಕನ್ನಡಿಯಲ್ಲಿ ಸಾಹುಕಾರರ ಕಣ್ಣು ತಟ್ಟನೆ ಮುಚ್ಚಿಕೊಂಡಿತು.

"ಇಲ್ಲ ಅಂತಾದ್ರೆ ಕ್ಯಾಮೆರಾ ನೋಡ್ಕೊಂಡು ಹೇಳಿ. ಆಮೇಲೇ ದುಡ್ಡು ಬಿಡೋದು." ತಪಾಸಣೆಯವನು ಮೊಬೈಲ್ ಎತ್ತಿ ಹಿಡಿದ.

ಮಗಳು ಮೂಲೆಯಿಂದಲೇ ಉಸಿರೆಳೆದು ಅಂದಳು: "ಇದೆ ಅಂತ ಹೇಳಪ್ಪ. ಮೂರನೇ ಮಹಡಿ ಕೋಣೆ ನಂದಲ್ವಾ?"

ಅವಳಿಗೂ ಊದಿದ್ದ. ಆಪರೇಷನ್ ಆಗಲಿ ಪುಟ್ಟಿ, ಆಮೇಲೆ ಆ ಮನೆಗೆ ಹೋಗೋಣ, ಓಡ್ಕೊಂಡು ಹತ್ತಬಹುದು ಅಂದಿದ್ದ. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡ. ಭೂಮಿ ಬಿಟ್ಟಿತು ಕೂಡ. ಅವನ ಮುಖ ನೋಡಿ ತಾನೇ ನಾಚಿ ಮುಚ್ಚಿಕೊಂಡಿತು.

"ಇಲ್ಲ" ಎಂದ.

"ಸ್ವಲ್ಪ ಸ್ಪಷ್ಟವಾಗಿ ಹೇಳಿ."

"ಮನೆ ಇಲ್ಲ. ಮಹಡಿ ಇಲ್ಲ. ತಮ್ಮನೂ ಇಲ್ಲ."

ಮಗಳು ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡತೊಡಗಿದಳು.

"ಸ್ವಲ್ಪ ಕಣ್ಣೀರು ಬಂದ್ರೆ ಬೇಗ ಪಾಸಾಗುತ್ತೆ..."

"ಏಯ್, ಸಾಕು ಮಾಡಯ್ಯ!" ಹಮಾಲಿ ಎದ್ದ ರಭಸಕ್ಕೆ ಬೆಂಚು ಮಗುಚಿತು. "ಎಷ್ಟು ಸಲ ಅಳಬೇಕು ಅವನು? ನನ್ನನ್ನೂ ಹಿಡಿ ಅದರಲ್ಲಿ. ಜೀವಮಾನವೆಲ್ಲ ಮೂಟೆ ಹೊತ್ತೆ, ನಂಗೂ ಮನೆ ಇಲ್ಲ. ನಾಚ್ಕೋಬೇಕಾದೋನು ನಾನಾ?"

"ಊರಿನ ಮಹಡಿಗೆಲ್ಲ ಬಣ್ಣ ಹೊಡೆದೋನು ನಾನು" ಎಂದು ಪೇಂಟರ್ ಮುಂದೆ ಬಂದ. "ನನ್ನ ಗೋಡೆಗೆ ಸುಣ್ಣ ಇಲ್ಲ. ಅದನ್ನೂ ಹಿಡಿ."

ಸಾಹುಕಾರರು ಮೆಲ್ಲಗೆ ಮೇಲೆದ್ದರು. "ನಂಗೆ ಹೊತ್ತಾಯ್ತು ಕಣಯ್ಯ."

"ಅರ್ಧ ಮುಖ ಹೊತ್ಕೊಂಡು ಎಲ್ಲಿಗೆ ಸಾಹುಕಾರ್ರೇ? ಕೂತ್ಕೊಳ್ಳಿ." ಮಹಡಿಯಪ್ಪ ಕತ್ತಿ ಮಡಚಿ ಕಿಸೆಗಿಟ್ಟ. ಎಷ್ಟೋ ದಿನಗಳ ಮೇಲೆ ಕನ್ನಡಿ ನೋಡಿದ. "ಸರ್, ಇವರದು ನಿಜವಾದ ಮೂರಂತಸ್ತು. ನನಗೆ ಇದೆಯಾ ಅಂತ ಮಗಳೆದುರೇ ಕೇಳಿದ್ರಲ್ಲ, ಇವರಿಗೆ ಎಲ್ಲಿಂದ ಬಂತು ಅಂತಲೂ ಕೇಳಿ. ಕ್ಯಾಮೆರಾ ಇತ್ತ ತಿರುಗಿಸಿ."

ತಪಾಸಣೆಯವನ ಕೈ ಅಲ್ಲಾಡಲಿಲ್ಲ. ಮಗಳು ಎದ್ದಳು. ಎದೆ ಹಿಡಿದುಕೊಂಡು, ನಿಂತು ನಿಂತು ಅಂಗಡಿ ದಾಟಿದಳು. ಅವನ ಮೊಣಕೈ ಹಿಡಿದು ಮೊಬೈಲನ್ನು ಸಾಹುಕಾರರ ನೊರೆಗೆನ್ನೆಯತ್ತ ತಿರುಗಿಸಿದಳು. ಅವಳ ತುಟಿ ನೀಲಿಯಾಗಿತ್ತು.

"ಸ್ವಲ್ಪ ಸ್ಪಷ್ಟವಾಗಿ ಹೇಳಿ ತಾತ" ಎಂದಳು.